ಗುಡುಗಿಗೆ ಕಿತ್ತ ವೈರುಗಳು

ಏಪ್ರಿಲ್ ಎರಡನೇ ವಾರದ ಒಂದು ಬೆಳಗ್ಗೆ ಪರಿಮಳಾಳ ಕಂಪ್ಯೂಟರು ತನಗೊಂದು ಮೌಸ್ ಇದೆ ಎಂಬುದನ್ನೇ ಒಪ್ಪಲಿಲ್ಲ. ಗುಂಡಿ ಒತ್ತಿದ ಮೇಲೆ ಎಂದಿನಂತೆ ಗರಗರ ಸದ್ದು ಮಾಡಿ ಎದ್ದಿತು. ಪರದೆಯ ನಡುವೆ ಒಂದು ಬೂದು ಚೌಕ ತೋರಿಸಿ ಇಂಗ್ಲಿಷಿನಲ್ಲಿ ಹೇಳಿತು: ಮೌಸ್ ಪತ್ತೆಯಾಗಿಲ್ಲ. ಅಗಲ ಪಿನ್ನಿನ ಹಳೇ ಮೌಸ್ ಆದರೆ ಈಗಲೇ ಸಿಕ್ಕಿಸಬಹುದು, ಗುಂಡು ಪಿನ್ನಿನದಾದರೆ ಮೊದಲು ಕಂಪ್ಯೂಟರ್ ಆರಿಸಬೇಕು.

ಅವಳು ಆರಿಸಿದಳು. ಮೇಜಿನ ಹಿಂದೆ ಬಗ್ಗಿ ಗುಂಡು ಪಿನ್ನನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿ ಚಾಲೂ ಮಾಡಿದಳು. ಅದೇ ಬೂದು ಚೌಕ. ಮೂರನೆಯ ಸಲ ಬಗ್ಗಿದ್ದಾಗ ಬಾಗಿಲ ಕಡೆಯಿಂದ ಮಾವನ ದನಿ ಬಂತು.

"ಎಂತ ಆತು?"

"ಮೌಸ್ ತಗತ್ತಿಲ್ಲೆ ಮಾವಯ್ಯ. ನಿನ್ನೆ ಮಧ್ಯಾಹ್ನದವರೆಗೂ ಸರಿ ಇತ್ತು."

"ನಿನ್ನೆ ಆನು ವೈರ್ ಕೀಳದೇ ಇದ್ದಿದ್ರೆ ಇವತ್ತು ಪೆಟ್ಟಿಗೆಯೇ ಇರ್ತಿತ್ತಿಲ್ಲೆ. ಎಂಥಾ ಸಿಡಿಲು ಬಿತ್ತು ಹೇಳಿ ಕೇಳಿದ್ಯ ಇಲ್ಯ?"

"ಕಿತ್ತಿದ್ದಕ್ಕೆ ಎಂತೂ ಹೇಳ್ತಿಲ್ಲೆ. ಚಾಲೂ ಇದ್ದಾಗ ತಿರುಗಿ ಚುಚ್ಚಡಿ ಹೇಳಿ ಎಷ್ಟು ಸಲ ಹೇಳಿದ್ದೆ. ನೋಡಿ, ಪರದೆ ಮೇಲೂ ಅದನ್ನೇ ಬರದ್ದು."

ವಿಘ್ನೇಶ್ವರ ಭಟ್ಟರು ಪರದೆಯ ಕಡೆ ನೋಡಲೂ ಇಲ್ಲ. "ಮೂವತ್ತೆರಡು ವರ್ಷ ಚಾಲೂ ಲೈನಲ್ಲೇ ಕೆಲಸ ಮಾಡಿದ್ದೆ. ಎಂಗೆ ಈ ಡಬ್ಬಿ ಪಾಠ ಹೇಳ್ತಾ?"

ಭಟ್ಟರು ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಸಿದ್ದಾಪುರದಲ್ಲಿ ಬೇಸಿಗೆಯ ಮೊದಲ ಗುಡುಗಿಗೆ ಎಲ್ಲರ ಮನೆಯಲ್ಲೂ ಫೋನಿನ ವೈರು, ಟೀವಿಯ ವೈರು ಕೀಳುತ್ತಾರೆ. ಭಟ್ಟರು ಅಷ್ಟಕ್ಕೆ ನಿಲ್ಲುವವರಲ್ಲ. ಸಿಡಿಲು ಯಾವ ವೈರಿನಿಂದಲಾದರೂ ಬರಬಹುದು ಎಂದು ಕಂಪ್ಯೂಟರಿನ ಹಿಂದಿದ್ದ ಅಷ್ಟೂ ವೈರುಗಳನ್ನು, ಮೌಸಿನದು, ಕೀಲಿಮಣೆಯದು, ಪ್ರಿಂಟರಿನದು, ಒಂದೂ ಬಿಡದೆ ಎಳೆದು ಹಾಕುತ್ತಿದ್ದರು. ಸೊಸೆ ಅರ್ಧ ಪುಟ ಹೊಡೆದಿದ್ದಾಳೋ ಇಲ್ಲವೋ ಕೇಳುತ್ತಿರಲಿಲ್ಲ. ಮಳೆ ನಿಂತ ಮೇಲೆ ಮರಳಿ ಜೋಡಿಸುವುದೂ ಅವರೇ. ಎಕ್ಸ್‌ಚೇಂಜಿನ ಅಭ್ಯಾಸದಂತೆ ಮೊದಲು ಕರೆಂಟು ಕೊಟ್ಟು, ಹಸಿರು ದೀಪ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಉಳಿದದ್ದನ್ನು ಒಂದೊಂದಾಗಿ ಚುಚ್ಚುತ್ತಿದ್ದರು. ಹೋಗದಿದ್ದರೆ ತಿರುವಿ ಒತ್ತುತ್ತಿದ್ದರು.

ಆ ಕಂಪ್ಯೂಟರು ಮನೆಗೆ ಬಂದದ್ದೇ ಒಂದು ಜಗಳದ ರಾಜಿಯಾಗಿ. ನಾಲ್ಕು ವರ್ಷದ ಹಿಂದೆ ಪರಿಮಳಾ ಶಿರಸಿಗೆ ಹೋಗಿ ಡಿ.ಟಿ.ಪಿ. ಕಲಿತು ಬಂದಳು. ಬಸ್‌ಸ್ಟ್ಯಾಂಡ್ ಹಿಂದಿನ ಗೋವಿಂದ ನಾಯ್ಕರ ಪ್ರೆಸ್ಸಿನಲ್ಲಿ ಕೆಲಸವೂ ಸಿಕ್ಕಿತ್ತು. ಭಟ್ಟರು ಬಿಡಲಿಲ್ಲ. ತಮ್ಮ ಸೊಸೆ ಪ್ರೆಸ್ಸಿನಲ್ಲಿ ಕೂರುವವಳಲ್ಲ ಎಂದರು. ಒಂದು ತಿಂಗಳು ಮನೆಯಲ್ಲಿ ಮಾತಿಲ್ಲ. ಕಡೆಗೆ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಗಂಡ ಸುಜಯ, ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತಂದು ಜಗಲಿಯ ಪಕ್ಕದ ಕೋಣೆಯಲ್ಲಿಟ್ಟ. ಕೆಲಸ ಚೀಲದಲ್ಲಿ ಮನೆಗೆ ಬರತೊಡಗಿತು, ಫ್ಲಾಪಿಯಲ್ಲಿ ಹೊರಗೆ ಹೋಗತೊಡಗಿತು. ಮದುವೆ ಕಾಗದ, ರಸೀದಿ ಪುಸ್ತಕ, ಹರಾಜಿನ ನೋಟೀಸು. ಈ ಸಲ ಬಂದದ್ದು ದೊಡ್ಡದು. ಕಾನಸೂರು ಕಡೆಯ ಒಂದು ಶಾಲೆಯ ನೂರು ವರ್ಷದ ಸ್ಮರಣ ಸಂಚಿಕೆ. ನೂರಾ ನಲವತ್ನಾಲ್ಕು ಪುಟ, ಅರವತ್ತು ಫೋಟೋ. ಮೇ ಇಪ್ಪತ್ತಕ್ಕೆ ಸಮಾರಂಭ, ಹನ್ನೆರಡಕ್ಕೆ ಪುಟಗಳು ಕೈಯಲ್ಲಿರಬೇಕು.

ಗೋವಿಂದ ನಾಯ್ಕರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಪರಿಮಳಕ್ಕ, ಇದು ಹೊತ್ತಿಗೆ ಆಗ್ಲಿಲ್ಲ ಅಂದ್ರೆ ನಾನು ಶಿರಸಿಗೆ ಕೊಡ್ಬೇಕು. ಒಂದು ಸಲ ಅಲ್ಲಿಗೆ ಹೋದ ಕೆಲಸ ತಿರುಗಿ ಇಲ್ಲಿಗೆ ಬರೂದಿಲ್ಲ. ಆಮೇಲೆ ನನ್ನ ಬೈಬೇಡಿ."

*

ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ, ಹಲಸಿನಕಾಯಿ ಪಲ್ಯ. ಅತ್ತೆ ದೇವಕಿ ಬಡಿಸುತ್ತಲೇ ಶುರುಮಾಡಿದರು.

"ಸೋಮವಾರದಿಂದ ಹಪ್ಪಳಕ್ಕೆ ಕೂರವು. ಹಲಸಿನಕಾಯಿ ಬಲತು ಹೋಗ್ತು. ಆನು ಒಬ್ಬಳೇ ಬೇಯ್ಸಿ, ಬೀಸಿ, ಒತ್ತಲೆ ಎನ್ನ ಸೊಂಟ ಎಂತ ಕಬ್ಬಿಣದ್ದ?"

"ಮೇ ಹನ್ನೆರಡು ಮುಗೀಲಿ ಅತ್ತೆ. ಆಮೇಲೆ ಎಷ್ಟು ಬೇಕಾದ್ರೂ ಒತ್ತಿಕೊಡ್ತೆ."

"ಹಲಸಿನಕಾಯಿಗೆ ನಿನ್ನ ನಾಯ್ಕರ ತಾರೀಕು ಗೊತ್ತಿದ್ದಾ? ಅಷ್ಟರಲ್ಲಿ ಹಣ್ಣಾಗಿ ದನಕ್ಕೆ ಹಾಕವು."

ಸುಜಯ ತಲೆ ಎತ್ತಲಿಲ್ಲ. ಪರಿಮಳಾ ಅವನ ಕಡೆಗೇ ತಿರುಗಿದಳು. "ಒಂದು ಮೌಸ್ ತಂದುಕೊಡಿ. ಸಂಜೆ ಬಪ್ಪಾಗ."

"ಹೊಸದ?"

"ಹಳೇದು ಸತ್ತಿದ್ದು ಹೇಳಿದ್ನಲ್ಲ."

"ಸತ್ತಿದ್ದಲ್ಲ, ಕೊಂದಿದ್ದು" ಎಂದರು ಭಟ್ಟರು, ಅನ್ನಕ್ಕೆ ಅಪ್ಪೆಹುಳಿ ಸುರಿದುಕೊಳ್ಳುತ್ತ. "ಇಡೀ ದಿನ ಅದನ್ನೇ ತಿಕ್ಕಿದ್ರೆ ಯಾವ ಸಾಮಾನು ಉಳಿತು?"

"ಮಾವಯ್ಯ, ಅದು ತಿಕ್ಕಲೇ ಇಪ್ಪದು."

"ಬಾಯಿ ಮಾತ್ರ ಸರಿ ಇದ್ದು ನಿಂದು. ಅದೊಂದು ಹಾಳಾಗ್ತಿಲ್ಲೆ."

ದೇವಕಿ ನಕ್ಕರು. ಸುಜಯ ಮಜ್ಜಿಗೆ ಕೇಳಿದ.

ಸಂಜೆ ಹೊಸ ಮೌಸ್ ಬಂತು. ಅದನ್ನೂ ಕಂಪ್ಯೂಟರು ಒಪ್ಪಲಿಲ್ಲ. ಸುಜಯ ಎರಡು ಸಲ ಸಿಕ್ಕಿಸಿ ನೋಡಿ, ಕೈ ಒರೆಸಿಕೊಂಡು ಹೇಳಿದ: "ಮೌಸ್ ಸರಿ ಇದ್ದು. ಹಿಂದಿನ ಪೋರ್ಟೇ ಹೋಜು."

"ಅದು ಹೆಂಗೆ ಹೋತು?"

"ಎಂಗೆ ಹೆಂಗೆ ಗೊತ್ತಾಗವು?"

"ನಿಮ್ಮ ಅಪ್ಪಯ್ಯನ್ನ ಕೇಳಿ."

"ಅಪ್ಪಯ್ಯನ ಸುದ್ದಿ ಎಂತಕ್ಕೆ? ಇದ್ದ ಕೆಲಸ ಬಿಟ್ಟು ಜಗಳ ತೆಗೆಯಡ."

ಡಿ.ಟಿ.ಪಿ. ತರಗತಿಯಲ್ಲಿ ಕಲಿಸಿದ್ದ ಒಂದು ಉಪಾಯ ಪರಿಮಳಾಗೆ ನೆನಪಿತ್ತು. ಕೀಲಿಮಣೆಯ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಬಲಗಡೆಯ ಅಂಕಿಗಳೇ ಮೌಸಿನ ಕೆಲಸ ಮಾಡುತ್ತವೆ. ನಾಲ್ಕು ಒತ್ತಿದರೆ ಬಾಣ ಎಡಕ್ಕೆ, ಎಂಟು ಒತ್ತಿದರೆ ಮೇಲಕ್ಕೆ, ಐದು ಒತ್ತಿದರೆ ಕ್ಲಿಕ್ಕು. ಅಕ್ಷರ ಹೊಡೆಯಲು ಹೇಗೂ ಮೌಸ್ ಬೇಡ. ಫೋಟೋ ಕೂರಿಸುವುದೇ ಕಷ್ಟ. ಕೈಯಲ್ಲಿ ಒಂದು ಎಳೆತಕ್ಕೆ ಆಗುತ್ತಿದ್ದ ಕೆಲಸಕ್ಕೆ ಕಾಲು ಗಂಟೆ. ಹಳೇ ಮುಖ್ಯೋಪಾಧ್ಯಾಯರ ಗುಂಪು ಫೋಟೋವನ್ನು ಅವಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಿ ಚೌಕಟ್ಟಿನೊಳಗೆ ತಂದಳು. ಹೆಬ್ಬೆರಳು ಬಾತುಕೊಂಡಿತು. ಒಂದು ವಾರದಲ್ಲಿ ಮೂವತ್ತು ಪುಟವೂ ಆಗಲಿಲ್ಲ.

ಸೋಮವಾರದಿಂದ ಹಪ್ಪಳವೂ ಶುರುವಾಯಿತು. ಬೆಳಗ್ಗೆ ತೆಳ್ಳೇವು ದೋಸೆ ಎರೆದು, ಅಡುಗೆ ಮುಗಿಸಿ, ಹನ್ನೊಂದರವರೆಗೆ ಕಂಪ್ಯೂಟರು. ಆಮೇಲೆ ಅತ್ತೆಯ ಎದುರು ಕೂತು, ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಉಂಡೆ ಒತ್ತಿ ಚಾಪೆಗೆ ಹಾಕುವುದು. ಊಟದ ಹೊತ್ತಿಗೆ ಎದ್ದು ಮತ್ತೆ ಕೂರುವುದು. ಮೂರೂವರೆಗೆ ಮೋಡ ಕಟ್ಟಿದರೆ ಚಾಪೆ ಹೊತ್ತು ಒಳಗೆ ಓಡುವುದು. ಅವಳು ಚಾಪೆ ಹೊತ್ತು ಓಡುವಾಗ ಮಾವ ಕೋಣೆಗೆ ಓಡುತ್ತಿದ್ದರು, ವೈರು ಕೀಳಲಿಕ್ಕೆ.

"ಮಗಳನ್ನ ವಜ್ರಳ್ಳಿಗೆ ಕಳಿಸಿ ಚಲೋ ಮಾಡಿದೆ" ಎಂದಳು ಒಂದು ದಿನ ಗಂಡನ ಹತ್ತಿರ. ಮಗಳು ಅಭಿಜ್ಞಾ ರಜೆಗೆ ಅಜ್ಜನ ಮನೆ ಸೇರಿದ್ದಳು. "ಇಲ್ಲಿದ್ದಿದ್ರೆ ಅದಕ್ಕೂ ಒಂದು ಚಾಪೆ ಹೊರಸ್ತಿದ್ದ."

"ಎಲ್ಲಾ ಮನೇಲೂ ಹಪ್ಪಳ ಮಾಡ್ತ."

"ಎಲ್ಲಾ ಮನೇಲೂ ನೂರಾ ನಲವತ್ನಾಲ್ಕು ಪುಟ ಮಾಡ್ತಿಲ್ಲೆ."

*

ಕೆಲಸ ನಿಧಾನವಾದದ್ದು ಕೇಳಿ ಗೋವಿಂದ ನಾಯ್ಕರು ತಾವೇ ಒಂದು ಹಳೇ ಮೌಸ್ ಹುಡುಕಿ ತಂದರು. ಅಗಲ ಪಿನ್ನಿನದು, ಒಂಬತ್ತು ತೂತಿನ ಸೀರಿಯಲ್ ಮೌಸ್. ಅದಕ್ಕೆ ಬೇರೆಯೇ ಪೋರ್ಟ್. ಸಿಕ್ಕಿಸಿ ಚಾಲೂ ಮಾಡಿದ ಕೂಡಲೇ ಬಾಣ ಓಡಾಡಿತು. ಪರಿಮಳಾಗೆ ಆ ದಿನ ಹಸಿವೂ ಆಗಲಿಲ್ಲ. ನಾಲ್ಕು ದಿನದಲ್ಲಿ ನಲವತ್ತೆಂಟು ಪುಟ ಮುಗಿಸಿದಳು.

ಐದನೇ ದಿನ ಬೆಳಗ್ಗೆ ಅದೂ ಇಲ್ಲ. ಹಿಂದಿನ ದಿನ ಸಂಜೆ ಗುಡುಗಿತ್ತು.

ಈ ಸಲ ಅವಳು ಮೆತ್ತಗೆ ಮಾತಾಡಲಿಲ್ಲ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದ ಮಾವನ ಎದುರು ಹೋಗಿ ನಿಂತಳು. "ಮಾವಯ್ಯ, ನಿಂಗ ನಿನ್ನೆ ಎಂತ ಮಾಡಿದ್ರಿ?"

"ಎಂತ ಮಾಡದು? ತೆಗದೆ, ಹಾಕಿದೆ."

"ಬರೀ ತೆಗದು ಹಾಕಿದ್ರೆ ಹಾಳಾಗ್ತಿತ್ತಿಲ್ಲೆ."

"ಕೈ ತೋರ್ಸು." ಭಟ್ಟರು ಎದ್ದರು. "ತೋರ್ಸು ಅಂದೆ." ಅವಳು ತೋರಿಸಿದಳು. ಭಟ್ಟರು ಬಗ್ಗಿ ಮೂಸಿದರು. "ಎಣ್ಣೆ! ದೇವಕೀ, ಬಾ ಇಲ್ಲಿ. ಈ ಎಣ್ಣೆ ಕೈಲಿ ಹೋಗಿ ಎಲೆಕ್ಟ್ರಿಕ್ ಸಾಮಾನು ಮುಟ್ಟಿದ್ರೆ ಎಂತಾಗ್ತು? ಎಣ್ಣೆ ಇದ್ದಲ್ಲಿ ಕರೆಂಟು ಹರಿತಿಲ್ಲೆ. ನೀನೇ ಹಾಳು ಮಾಡಿ ಎನ್ನ ತಲೆಗೆ ಕಟ್ತೆ."

"ಆನು ಸೋಪು ಹಾಕಿ ತೊಳದೇ ಕೂರದು."

"ಕೊಬ್ಬರಿ ಎಣ್ಣೆ ಸೋಪಿಗೆ ಹೋಗ್ತಾ?"

ದೇವಕಿ ಬಾಗಿಲಿಗೆ ಒರಗಿ ನಿಂತು ಗಂಡನನ್ನೂ ಸೊಸೆಯನ್ನೂ ನೋಡಿದರು. ಏನೋ ಹೇಳಲು ಹೊರಟಂತೆ ಬಾಯಿ ತೆರೆದು, "ಹಿಟ್ಟು ಒಣಗ್ತು, ಬಾ" ಎಂದಷ್ಟೇ ಹೇಳಿ ಒಳಗೆ ಹೋದರು.

ರಾತ್ರಿ ಊಟದಲ್ಲಿ ಭಟ್ಟರು ಅದನ್ನೇ ಮಗನಿಗೆ ವಿವರಿಸಿದರು. ಸುಜಯ ಕೇಳಿ ಹೆಂಡತಿಗೆ ಹೇಳಿದ: "ಕೈ ಸರಿಯಾಗಿ ತೊಳಕಂಡು ಕೂತಿದ್ರೆ ಎಂತಾಗ್ತಿತ್ತು?"

"ಹಪ್ಪಳ ಒತ್ತದೇ ಇದ್ದಿದ್ರೆ ಎಂತಾಗ್ತಿತ್ತು ಹೇಳಿ ಕೇಳಿ ನಿಮ್ಮ ಆಯಿ ಹತ್ರ."

"ಎಲ್ಲದಕ್ಕೂ ಒಂದು ಉತ್ತರ."

"ಎಲ್ಲದಕ್ಕೂ ನಿಮ್ಮದು ಒಂದೇ ಉತ್ತರ. ಅಪ್ಪಯ್ಯ ಹೇಳಿದ್ದು."

ಸುಜಯ ತಾಟಿನಲ್ಲೇ ಕೈ ತೊಳೆದು ಎದ್ದ. ಆದರೆ ಆ ಎಣ್ಣೆಯ ಮಾತು ಪರಿಮಳಾಳನ್ನು ಬಿಡಲಿಲ್ಲ. ಇದ್ದರೂ ಇರಬಹುದೇ ಎಂದು ಅವಳಿಗೇ ಅನುಮಾನ ಹುಟ್ಟಿತು. ಮರುದಿನದಿಂದ ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದು ಕೂರತೊಡಗಿದಳು. ಚರ್ಮ ಒಡೆದು ಉರಿಯಿತು. ನಾಲ್ಕು ಎಡಕ್ಕೆ, ಎಂಟು ಮೇಲಕ್ಕೆ, ಐದು ಕ್ಲಿಕ್ಕು. ಒಂದು ದಿನ ಹಪ್ಪಳಕ್ಕೆ ಬರುವುದಿಲ್ಲವೆಂದು ಹೇಳಿಬಿಟ್ಟಳು. ದೇವಕಿ ಆ ದಿನ ಸೊಸೆಗೆ ಮಾತ್ರ ಚಹಾ ಮಾಡಲಿಲ್ಲ. ಎರಡನೇ ದಿನವೂ ಮಾಡಲಿಲ್ಲ. ಪರಿಮಳಾ ಕೇಳಲೂ ಇಲ್ಲ, ಮಾಡಿಕೊಳ್ಳಲೂ ಇಲ್ಲ.

ಮೇ ಹತ್ತಕ್ಕೆ ನೂರಾ ನಲವತ್ನಾಲ್ಕರಲ್ಲಿ ನೂರಾ ಇಪ್ಪತ್ತು ಪುಟ ಆಗಿತ್ತು. ಅವನ್ನಾದರೂ ಮುಂಚೆ ಒಯ್ಯುತ್ತೇನೆಂದು ನಾಯ್ಕರು ಹೊಸದೊಂದು ಪೆನ್‌ಡ್ರೈವ್ ತಂದರು. ಫೋಟೋ ತುಂಬಿದ ಪುಟಗಳು ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ. ಆ ಕಂಪ್ಯೂಟರಿಗೆ ಹಿಂದೆ ಎರಡು ಚಪ್ಪಟೆ ಯು.ಎಸ್.ಬಿ. ಪೋರ್ಟು ಇದ್ದವು. ಒಂದಕ್ಕೆ ಹಾಕಿದರು, ಪೆನ್‌ಡ್ರೈವಿನ ದೀಪ ಹತ್ತಲಿಲ್ಲ. ಇನ್ನೊಂದಕ್ಕೆ ಹಾಕಿದರು, ಹತ್ತಲಿಲ್ಲ. ಜೊತೆಗೆ ಬಂದ ಸಿ.ಡಿ.ಯನ್ನೂ ಹಾಕಿ ನೋಡಿದರು. ನಾಯ್ಕರು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡರು.

"ಪುಟ ಆಗಿದೆ, ಹೊರಗೆ ಬರೂದಿಲ್ಲ ಅಂದ್ರೆ ನಾನು ಶಾಲೆ ಕಮಿಟಿಯವ್ರಿಗೆ ಎಂತ ಹೇಳೂದು ಪರಿಮಳಕ್ಕ?"

ಅವರು ಹೋದ ಅರ್ಧ ಗಂಟೆಗೆ ಕೀಲಿಮಣೆಯ ಕೆಲವು ಅಕ್ಷರಗಳು ಎರಡೆರಡು ಸಲ ಬೀಳತೊಡಗಿದವು. ಆಮೇಲೆ ಒಂದೂ ಬೀಳಲಿಲ್ಲ.

*

ಮರುದಿನ ಗುರುವಾರ ಸೊಸೈಟಿಗೆ ರಜೆ. ಸುಜಯ ಮನೆಯಲ್ಲಿದ್ದ. ನಾಯ್ಕರು ಶಿರಸಿಯಿಂದ ರಿಪೇರಿಯ ಉಲ್ಲಾಸನನ್ನು ತಾವೇ ಕರೆದುಕೊಂಡು ಬಂದರು. ಇಪ್ಪತ್ತೆಂಟರ ಆಳು, ಬೆನ್ನಿಗೊಂದು ಚೀಲ. ಒಳಗೆ ಬಂದವನೇ ಕಂಪ್ಯೂಟರನ್ನು ತಿರುಗಿಸಿ ಇಟ್ಟುಕೊಂಡು ಹಿಂಬದಿಗೆ ಟಾರ್ಚು ಬಿಟ್ಟ. ದೇವಕಿ ಮುರುಗಲ ಪಾನಕ ತಂದು ಬಂದವರಿಗೆ ಕೊಟ್ಟು ಅಲ್ಲೇ ನಿಂತರು. ಭಟ್ಟರು ಕುರ್ಚಿಯನ್ನು ಕೋಣೆಯ ಬಾಗಿಲಿಗೇ ಹಾಕಿಕೊಂಡು ಕೂತರು.

ಉಲ್ಲಾಸ ಮೌಸಿನ ಪೋರ್ಟಿಗೆ ಒಂದು ಹಲ್ಲುಕಡ್ಡಿ ತೂರಿಸಿ ಹೊರಗೆ ತೆಗೆದ. ತುದಿಗೆ ಹಳದಿ ಬಣ್ಣದ ಅಂಟು ಬಂತು, ಧೂಳು ಹಿಡಿದು ಕಪ್ಪಾಗಿತ್ತು. ಅದರಲ್ಲಿ ಎರಡು ಸತ್ತ ಇರುವೆ. ಸೀರಿಯಲ್ ಪೋರ್ಟಿನಲ್ಲೂ ಅದೇ. ಕೀಲಿಮಣೆಯ ಪೋರ್ಟಿನಲ್ಲೂ ಅದೇ. ಯು.ಎಸ್.ಬಿ. ಪೂರ್ತಿ ಗಾರೆ ಹಾಕಿ ಮುಚ್ಚಿದಷ್ಟು.

"ಇದಕ್ಕೆ ಮುಲಾಮು ಹಚ್ಚಿದ್ದು ಯಾರು?" ಎಂದ.

"ಹಪ್ಪಳದ ಎಣ್ಣೆ" ಎಂದರು ಭಟ್ಟರು. "ಆನು ಮೊದಲೇ ಹೇಳಿದ್ದೆ."

"ಎಣ್ಣೆ ಅಲ್ಲ ಭಟ್ರೆ. ಇಷ್ಟು ಒಳಗೆ ಎಣ್ಣೆ ಹೋಗ್ಲಿಕ್ಕೆ ಬೆರಳು ಒಳಗೆ ಹೋಗ್ಬೇಕಲ್ಲ? ಇದು ಕಡ್ಡಿ ತಗೊಂಡು ತುಂಬಿದ್ದು. ಇಲ್ಲಿ ನೋಡಿ, ಸೀರಿಯಲ್ ಪಿನ್ನಿಗೆ ಪಾಲಿಶ್ ಪೇಪರ್ ಹಾಕಿ ಬೇರೆ ತಿಕ್ಕಿದ್ದಾರೆ. ಮೇಲಿನ ಲೇಪ ಎಲ್ಲ ಹೋಗಿದೆ. ಮೌಸಿನ ಪೋರ್ಟು ತಿರುಚಿ ತಿರುಚಿ ಒಡೆದೇ ಹೋಗಿದೆ."

ಸುಜಯ ಅಪ್ಪನ ಕಡೆ ನೋಡಿದ. ಭಟ್ಟರು ಕುರ್ಚಿಯಲ್ಲಿ ಮಿಸುಕಾಡಿ ದನಿ ಎತ್ತರಿಸಿದರು.

"ಹಂಗಾರೆ ಹೆಂಗಸ್ರದ್ದೇ ಕೆಲಸ. ಒಂದು ತಿಂಗಳಿಂದ ಈ ಮನೇಲಿ ಎಲ್ಲಿ ನೋಡಿದ್ರೂ ಹಪ್ಪಳ, ಕೂತಲ್ಲಿ ಹಪ್ಪಳ, ನಿಂತಲ್ಲಿ ಹಪ್ಪಳ. ಹೋದ ವರ್ಷದ್ದೇ ಡಬ್ಬಿಲಿ ಹುಳ ಹಿಡದು ಬಿದ್ದಿದ್ದು. ತಿಂಬವು ಯಾರೂ ಇಲ್ಲೆ. ಇದರ ಹಪ್ಪಳದ ಹುಚ್ಚಿಗೆ ಕಂಪ್ಯೂಟರೂ ಹೋತು, ಎಲ್ಲಾ ಹೋತು."

ದೇವಕಿ ಪಾನಕದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದರು.

"ಎನ್ನ ಹಪ್ಪಳದ ಸುದ್ದಿಗೆ ಬರಡಿ! ಹುಳ ಹಿಡದ್ದಡ. ದಿನಾ ಊಟಕ್ಕೆ ನಾಲ್ಕು ಕರದು ಹಾಕು ಹೇಳಿ ತಿಂಬದು ಯಾರು ಹಂಗಾರೆ? ಟ್ರಂಕಿಂದ ಎಕ್ಸ್‌ಚೇಂಜಿನ ಆ ಪೆಟ್ರೋಲಿಯಂ ಜೆಲ್ಲಿ ಡಬ್ಬಿ ತೆಗದು ಕಡ್ಡಿಲಿ ಮೆತ್ತಿದ್ದು ಯಾರು? ಹಪ್ಪಳ ಮೆತ್ತಿತ್ತಾ? ಆನೇ ಟಾರ್ಚ್ ಹಿಡಕಂಡು ನಿಂತಿದ್ದೆ. ಒಂದು ಸಲ ಅಲ್ಲ, ಮೂರು ಸಲ. ಸರಿಯಾಗಿ ಹಿಡಿ, ಸರಿಯಾಗಿ ಹಿಡಿ ಹೇಳಿ ಎಂಗೇ ಬೈದಿ."

ಗೋವಿಂದ ನಾಯ್ಕರು ಲೋಟದ ಒಳಗೆ ನೋಡುತ್ತ ಕೂತರು.

"ಎಕ್ಸ್‌ಚೇಂಜಿಲಿ ಬ್ಯಾಟರಿಗೆಲ್ಲಾ ಅದನ್ನೇ ಹಚ್ಚದು" ಎಂದರು ಭಟ್ಟರು. "ಹಚ್ಚಿದ್ರೆ ತುಕ್ಕು ಹಿಡಿತಿಲ್ಲೆ. ರಿಲೇ ಸ್ವಿಚ್ಚು ತಗತ್ತಿಲ್ಲೆ ಹೇಳಿದ್ರೆ ಪಾಲಿಶ್ ಪೇಪರ್ ಹಾಕಿ ತಿಕ್ಕದೇ. ಆನು ಒಳ್ಳೇದಕ್ಕೇ ಮಾಡಿದ್ದು. ಮೌಸ್ ತಗತ್ತಿಲ್ಲೆ ಹೇಳಿ ಅಳ್ತಾ ಕೂತಿದ್ದು ಯಾರು? ಅದಕ್ಕೇ ಮಾಡಿದೆ."

"ಭಟ್ರೆ, ಬ್ಯಾಟರಿಗೆ ಹೊರಗಿಂದ ಹಚ್ಚೂದು" ಎಂದ ಉಲ್ಲಾಸ. "ಇಲ್ಲಿ ಪಿನ್ನು ಪಿನ್ನಿಗೆ ತಾಗ್ಬೇಕು."

ಪರಿಮಳಾ ಮಾವನ ಕಡೆ ತಿರುಗಲೇ ಇಲ್ಲ. ಒಡೆದ ಅಂಗೈಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಅತ್ತೆಯನ್ನು ಕೇಳಿದಳು.

"ಮೊದಲಿಂದಲೂ ಗೊತ್ತಿತ್ತಲ್ದಾ ಅತ್ತೆ ನಿಂಗಕ್ಕೆ?"

"ಗೊತ್ತಿತ್ತು. ಎಂತ ಈಗ?"

"ಎನ್ನ ಕೈ ಮೂಸಿ ನೋಡ್ದಾಗ ನಿಂಗ ಬಾಗಿಲಲ್ಲೇ ನಿಂತಿದ್ದಿ."

"ನೀನು ಎನ್ನ ಕೇಳಿದ್ಯ? ಕೇಳಿದ್ದಿಲ್ಲೆ."

"ಹಪ್ಪಳ ಆಗವು ಹೇಳಿ ಸುಮ್ಮನಿದ್ರ?"

"ಹೌದು, ಸುಮ್ಮನಿದ್ದೆ! ಮೂವತ್ತೈದು ವರ್ಷ ಆನು ಒಬ್ಬಳೇ ಒತ್ತಿದ್ದೆ. ಎಂಗೆ ಯಾವ ಕೋಣೆ ಕೊಟ್ಟಿದ್ದ, ಯಾವ ಕುರ್ಚಿ ಕೊಟ್ಟಿದ್ದ? ಪೆಟ್ಟಿಗೆ ಹಾಳಾದ್ರೆ ಒಂದು ತಿಂಗಳಾದ್ರೂ ನೀನು ಒಲೆ ಮುಂದೆ ಇರ್ತೆ ಹೇಳಿ ಸುಮ್ಮನಿದ್ದೆ. ತಪ್ಪಾತಾ?"

"ಆಯಿ, ಸಾಕು. ಹೊರಗಿನವು ಇದ್ದ" ಎಂದ ಸುಜಯ.

"ಹೊರಗಿನವು ಇದ್ದಾಗ್ಲೇ ನಿನ್ನ ಅಪ್ಪ ಎನ್ನ ಹಪ್ಪಳಕ್ಕೆ ಹುಳ ಹಿಡಿಸಿದ್ದು!"

ಉಲ್ಲಾಸ ಸ್ಕ್ರೂ ಬಿಚ್ಚತೊಡಗಿದ್ದ. ಈ ಬೋರ್ಡು ಇನ್ನು ಪ್ರಯೋಜನವಿಲ್ಲ, ಪುಟಗಳಿರುವ ಡಿಸ್ಕು ಮಾತ್ರ ಸರಿ ಇರಬಹುದು, ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಸಿಗುತ್ತದೆ ಎಂದ.

"ಪ್ರೆಸ್ಸಿನಲ್ಲಿ ಒಂದಿದೆ" ಎಂದರು ನಾಯ್ಕರು. "ನಮ್ಮ ಕಂಪೋಸಿನವ ಹೋಳಿ ಹಬ್ಬಕ್ಕೆ ಕೆಲಸ ಬಿಟ್ಟು ಹೋದ ಮೇಲೆ ಮುಸುಕು ಹಾಕಿ ಇಟ್ಟಿದ್ದೇನೆ. ಡಿಸ್ಕ್ ಅದಕ್ಕೆ ಹಾಕಿ. ಪರಿಮಳಕ್ಕ ಬಂದು ಕೂತ್ರೆ ಉಳಿದ ಇಪ್ಪತ್ನಾಲ್ಕು ಪುಟ ಎರಡು ಮೂರು ದಿನದ್ದು. ನಾನು ಕಮಿಟಿಗೆ ಹದಿನಾಲ್ಕನೇ ತಾರೀಕು ಅಂತ ಹೇಳ್ತೇನೆ. ಅದರ ಮೇಲೆ ಒಂದು ದಿನವೂ ಇಲ್ಲ."

"ಅದು ಆಗ್ತಿಲ್ಲೆ" ಎಂದರು ಭಟ್ಟರು. "ನಾಲ್ಕು ವರ್ಷದ ಹಿಂದೇ ಹೇಳಿದ್ದೆ. ಪ್ರೆಸ್ಸಿಗೆ ಹೋಪದು ಆಗ್ತಿಲ್ಲೆ."

ಪರಿಮಳಾ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. "ಬೇರೆ ಕಂಪ್ಯೂಟರ್ ನೋಡನ" ಎಂದ. "ಮಳೆಗಾಲ ಕಳೀಲಿ. ಇದೊಂದು ಪುಸ್ತಕ ಬಿಟ್ರೆ ಎಂತಾತು?"

"ಉಲ್ಲಾಸ, ಡಿಸ್ಕ್ ತೆಗೀರಿ" ಎಂದಳು ಪರಿಮಳಾ.

"ಯಾರನ್ನ ಕೇಳಿ ತೆಗಸ್ತೆ?" ಭಟ್ಟರು ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಯಾರನ್ನೂ ಕೇಳ್ತಿಲ್ಲೆ ಮಾವಯ್ಯ. ನಿಂಗ ಜೆಲ್ಲಿ ಹಚ್ಚುವಾಗ ಯಾರನ್ನ ಕೇಳಿದ್ರಿ?"

ಒಳಮನೆಯ ಕಡೆಯ ಬಾಗಿಲಿಂದ ಹೋಗಿ ಸೀರೆ ಬದಲಿಸಿ ಬಂದಳು. ಹಿಟ್ಟಿನ ಪಾತ್ರೆ ಹಿತ್ತಲ ಬಾಗಿಲಲ್ಲಿ ಹಾಗೇ ಇತ್ತು. ಭಟ್ಟರು ಜಗಲಿ ಕಡೆಯ ಬಾಗಿಲು ಬಿಟ್ಟಿರಲಿಲ್ಲ. ಅವಳು ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಮಾವನ ಎದುರು ನಿಂತು ಕಾದಳು. ಹೊರಗಿನವರ ಮುಂದೆ ಸೊಸೆಯ ಮೈ ತಾಗುವುದು ಬೇಡವೆಂದು ಭಟ್ಟರೇ ಸರಿದರು.

*

ಮೂರು ದಿನ ಅವಳು ಬೆಳಗ್ಗೆ ಎಂಟೂವರೆಗೆ ಹೋಗಿ ಸಂಜೆ ಆರಕ್ಕೆ ಬಂದಳು. ಪ್ರೆಸ್ಸಿನಲ್ಲಿ ಮಸಿಯ ನಾತ, ಸೀಮೆಎಣ್ಣೆಯ ನಾತ, ಮಷೀನಿನ ಗದ್ದಲ. ಫ್ಯಾನ್ ಇರಲಿಲ್ಲ. ಮೌಸ್ ಹಿಡಿದರೆ ಬಾಣ ಹೇಳಿದಲ್ಲಿಗೆ ಹೋಗುತ್ತಿತ್ತು. ಹದಿನಾಲ್ಕರ ಸಂಜೆ ಕೊನೆಯ ಪುಟ ಮುಗಿಯಿತು. ಮೇ ಇಪ್ಪತ್ತರ ಸಮಾರಂಭಕ್ಕೆ ಸಂಚಿಕೆ ಹೋಯಿತು. ಒಂದು ಪುಟದಲ್ಲಿ ಇಬ್ಬರು ಮಾಸ್ತರರ ಹೆಸರು ಅದಲುಬದಲಾಗಿತ್ತು ಎಂದು ಕಮಿಟಿಯವರು ಕೂಗಾಡಿದರು. ಹೊತ್ತಿಗೆ ಬರಲಿಲ್ಲ ಎಂದು ಯಾರೂ ಹೇಳಲಿಲ್ಲ.

ಮನೆಯಲ್ಲಿ ಭಟ್ಟರು ಅವಳ ಜೊತೆ ಮಾತು ಬಿಟ್ಟರು. ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದರು, ಬೇಕಾದ್ದನ್ನು ಹೆಂಡತಿಯ ಹತ್ತಿರ ಕೇಳುತ್ತಿದ್ದರು. ದೇವಕಿ ಮಧ್ಯಾಹ್ನದ ಎಂಜಲು ಪಾತ್ರೆಗಳನ್ನು ತಿಕ್ಕದೆ ಸಂಜೆಯವರೆಗೆ ಸೊಸೆಗಾಗಿ ಇಡುತ್ತಿದ್ದರು. ಅನ್ನದ ಅಗುಳು ಒಣಗಿ ಕಲ್ಲಾಗಿರುತ್ತಿತ್ತು. ಪರಿಮಳಾ ತಾನು ಉಂಡ ತಾಟು, ರಾತ್ರಿಯ ಪಾತ್ರೆ ತಿಕ್ಕಿ, ಮಧ್ಯಾಹ್ನದ್ದನ್ನು ಮುಟ್ಟದೆ ಬಿಟ್ಟಳು. ಎರಡು ದಿನ ಪಾತ್ರೆಗಳು ಬಚ್ಚಲಲ್ಲೇ ಕೂತವು. ಮೂರನೇ ದಿನ ಸುಜಯ ತಿಕ್ಕಿದ. ಮಗ ಪಾತ್ರೆ ತಿಕ್ಕಿದನೆಂದು ದೇವಕಿ ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಅತ್ತರು.

ಮೇ ಕೊನೆಯ ಭಾನುವಾರ ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಭಟ್ಟರು ಗಂಟಲು ಸರಿಮಾಡಿಕೊಂಡರು. ಸೊಸೆಯ ಕಡೆ ನೋಡದೆ ಮಗನಿಗೆ ಹೇಳಿದರು.

"ಶಿರಸಿಲಿ ಒಂದು ಹೊಸ ಕಂಪ್ಯೂಟರ್ ನೋಡಿ ಬೈಂದೆ. ಬುಧವಾರ ತಂದು ಕೂರ್ಸ್ತ. ಅದೇ ಕೋಣೇಲಿ. ಇನ್ನು ವೈರಿಗೆ ಯಾರೂ ಕೈ ಹಾಕ್ತ್ವಿಲ್ಲೆ. ನಾಯ್ಕನ ಕೆಲಸ ಮನೆಗೇ ಬರ್ಲಿ."

ಸುಜಯನ ಮುಖ ಅರಳಿತು. "ನೋಡಿದ್ಯ? ಅಪ್ಪಯ್ಯ ತಾನೇ ಹೋಗಿ ನೋಡಿ ಬಂದ. ಇನ್ನೆಂತ ಬೇಕು?"

ಪರಿಮಳಾ ಬಾಯಲ್ಲಿದ್ದ ತುತ್ತು ನುಂಗಿದಳು. "ಹೊಸದು ಬ್ಯಾಡ."

"ಎಂತಕ್ಕೆ?"

"ನಾಯ್ಕರು ದಿನಾ ಬಾ ಹೇಳಿದ್ದ. ಬತ್ತೆ ಹೇಳಿ ಬಂದಿದ್ದೆ. ಜೂನ್ ಒಂದರಿಂದ."

"ಮನೇಲೇ ಕೆಲಸ ಬತ್ತು ಹೇಳ್ತಿದ್ದೆ ಆನು" ಎಂದರು ಭಟ್ಟರು, ಹದಿನೇಳು ದಿನದ ಮೇಲೆ ಮೊದಲ ಸಲ ಅವಳಿಗೇ. "ಹೊಸದು ಬತ್ತು ಹೇಳ್ತಿದ್ದೆ. ಕಿವಿ ಕೇಳ್ತಿಲ್ಯ?"

"ಕೇಳ್ತು ಮಾವಯ್ಯ. ಹೊಸದಕ್ಕೂ ಹಿಂದೆ ಪೋರ್ಟ್ ಇರ್ತು. ನಿಂಗಳ ಕೈಯೂ ಇಲ್ಲೇ ಇರ್ತು."

ಭಟ್ಟರು ಕಲಸಿದ ಅನ್ನವನ್ನು ಬಿಟ್ಟು ಎದ್ದು ಹೋದರು. ಬಚ್ಚಲಲ್ಲಿ ಕೈ ತೊಳೆದ ಸದ್ದು, ಆಮೇಲೆ ಜಗಲಿಯ ಬಾಗಿಲು ಹಾಕಿದ ಸದ್ದು ಕೇಳಿತು. ಸುಜಯ ತಾಟಿನ ಅಂಚಿನ ಉಪ್ಪನ್ನು ಬೆರಳಿನಲ್ಲಿ ಒತ್ತುತ್ತ ಕೂತ.

ದೇವಕಿ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಹಂಗಾರೆ ಇನ್ನು ದಿನಾ ಮಧ್ಯಾಹ್ನ ನೀನು ಉಣ್ಣಲೆ ಬತ್ತಿಲ್ಲೆ."

"ಇಲ್ಲೆ. ಬುತ್ತಿ ತಗಂಡು ಹೋಗ್ತೆ."

"ಎಷ್ಟು ಜನಕ್ಕೆ ಅಕ್ಕಿ ಹಾಕವು?"

"ಮೂರು ಜನಕ್ಕೆ. ಮಗಳು ಬಂದ ಮೇಲೆ ನಾಲ್ಕು."

"ಹಾಕದು ಯಾರು?"

ಪರಿಮಳಾ ತನ್ನ ತಾಟು ಎತ್ತಿಕೊಂಡು ಎದ್ದಳು.

"ಮನೇಲಿ ಇದ್ದೋರು."